ಗೊಂಬೆ ಪಾರ್ಕಿನಲ್ಲಿ ಬೆಕ್ಕು

ನಮ್ಮ ಬೆಕ್ಕು ತನ್ನ ಟ್ರೇ ಬಿಟ್ಟು ಅಮ್ಮನ ಗೊಂಬೆ ಪಾರ್ಕಿನಲ್ಲಿ ಉಚ್ಚೆ ಹೊಯ್ದದ್ದು ನವರಾತ್ರಿ ಶುರುವಾದ ಹೊಸದರಲ್ಲಿ, ಬೆಳಗಿನ ಪೂಜೆಗೆ ಸ್ವಲ್ಪ ಮುಂಚೆ, ಪಟ್ಟದ ಗೊಂಬೆಗಳ ಸಮಕ್ಷಮದಲ್ಲಿ.

ಪಾರ್ಕ್ ಅಂದರೆ ಗೊಂಬೆ ಕೂರಿಸುವ ಮನೆಯವರಿಗೆಲ್ಲ ಗೊತ್ತಿರುವಂಥದ್ದೇ. ಗೊಂಬೆ ಮೆಟ್ಟಿಲುಗಳ ಕೆಳಗೆ ಎರಡು ಅಗಲವಾದ ತಟ್ಟೆಗಳಲ್ಲಿ ಮಣ್ಣು, ಮರಳು ಹರಡಿ, ಹಬ್ಬಕ್ಕೆ ಮೊದಲೇ ರಾಗಿ ಚೆಲ್ಲಿ, ಪೈರು ಹಸಿರಾದ ಮೇಲೆ ನಡುವೆ ಒಂದು ಕನ್ನಡಿ ಮಲಗಿಸಿ ಅದನ್ನು ಕೆರೆ ಅನ್ನುವುದು. ಕೆರೆಯಲ್ಲಿ ಪ್ಲಾಸ್ಟಿಕ್ ಬಾತುಕೋಳಿ. ದಡದಲ್ಲಿ ಹುಲಿ, ಅದರ ಪಕ್ಕದಲ್ಲೇ ಹಸು. ಅಮ್ಮನ ಪಾರ್ಕಿನಲ್ಲಿ ಯಾರೂ ಯಾರನ್ನೂ ತಿನ್ನುವುದಿಲ್ಲ. ವಿಜಯನಗರದ ನಮ್ಮ ಬೀದಿಯಲ್ಲಿ ಗೊಂಬೆ ಕೂರಿಸುವವರು ಕಡಿಮೆಯಾಗುತ್ತಾ ಬಂದು ಈಗ ಅಮ್ಮ ಒಬ್ಬಳೇ ಉಳಿದಿದ್ದಾಳೆ. ಹಾಗಾಗಿ “ಅಜ್ಜಿ, ಗೊಂಬೆ ಕೂರ್ಸಿದೀರಾ?” ಎಂದು ಸಂಜೆ ಹೊರಡುವ ಮಕ್ಕಳೆಲ್ಲ ನಮ್ಮ ಮನೆಗೇ ಬಂದು, ಉಸಲಿ ತಿಂದು, ಹುಲಿಯ ಬಾಲ ಎಳೆದು ಹೋಗುತ್ತಾರೆ.

ಬೆಕ್ಕಿನ ಕಡೆಯಿಂದ ನೋಡಿದರೆ ತಪ್ಪು ಹುಡುಕುವುದು ಕಷ್ಟ. ಒಂದು ತಟ್ಟೆ, ತಟ್ಟೆಯಲ್ಲಿ ಮರಳು. ಮೂರು ವರ್ಷದಿಂದ ನಾವು ಅದಕ್ಕೆ ಕಲಿಸಿದ್ದು ಇಷ್ಟೇ. ಇದನ್ನು ಅಮ್ಮನಿಗೆ ವಿವರವಾಗಿ ಹೇಳಿದೆ. ನಾನು ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ವಿವರಿಸುವ ಚಟ ಮನೆಗೆ ಬಂದರೂ ಬಿಡುವುದಿಲ್ಲ. ಅಮ್ಮ ಪೂರ್ತಿ ಕೇಳಿಸಿಕೊಂಡಳು.

“ಆಯ್ತಾ? ವಿಜಯದಶಮಿ ರಾತ್ರಿ ಪಟ್ಟದ ಗೊಂಬೆ ಮಲಗಿಸ್ತೀನಲ್ಲ, ಮಾರನೇ ದಿನ ಬೆಳಿಗ್ಗೆ ಈ ಜಂತು ಕೆಂಗೇರಿಗೆ ಹೋಗ್ಬೇಕು,” ಅಂದಳು. “ಗಲೀಜು ಮಾಡೋದನ್ನ ಮನೇಲಿ ಇಟ್ಕೊಳಕ್ಕಾಗಲ್ಲ.”

ಕೆಂಗೇರಿಯಲ್ಲಿ ನನ್ನ ಹೆಂಡತಿಯ ಅಣ್ಣನ ಪ್ಲೈವುಡ್ ಗೋಡೌನ್ ಇದೆ. ಇಲಿ ಜಾಸ್ತಿ, ಬೆಕ್ಕಿದ್ದರೆ ಕೊಡಿ ಎಂದು ಆತ ಯಾವಾಗಲೋ ಅಂದಿದ್ದ. ಗೋಡೌನ್ ಕಾಯಲು ನಾಯಿಗಳೂ ಇವೆ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಸೋಫಾದ ಮೇಲೆ ಬಿಟ್ಟು ಬೇರೆಲ್ಲೂ ಮಲಗಿ ಅಭ್ಯಾಸವಿಲ್ಲದ ಈ ಪ್ರಾಣಿ ಅಲ್ಲಿ ಎಷ್ಟು ದಿನ ಬಾಳುತ್ತದೆ ಎಂದು ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಹೆಂಡತಿ ಮಾತ್ರ ಆ ದಿನ ಆಫೀಸಿಗೆ ಊಟದ ಡಬ್ಬಿ ಮರೆತು ಹೋದಳು.

ಬೆಕ್ಕನ್ನು ತಂದವಳು ಅವಳೇ. ಮೆಟ್ರೋ ಸ್ಟೇಷನ್ನಿನ ಹತ್ತಿರ ನಿಲ್ಲಿಸಿದ್ದ ಸ್ಕೂಟರಿನ ಕೆಳಗೆ ಸಿಕ್ಕಿತೆಂದು ಮರಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದಳು. ಮೈಯೆಲ್ಲ ಬಿಳಿ, ಗಂಡು. ಅವಳು ಅದಕ್ಕೊಂದು ಹೆಸರಿಟ್ಟಿದ್ದಾಳೆ. ಅಮ್ಮ ಆ ಹೆಸರನ್ನು ಒಂದು ಸಲವೂ ಬಳಸಿದವಳಲ್ಲ. ಜಂತು ಎಂದು ಕರೆದು ಮೊಸರನ್ನ ಹಾಕುತ್ತಾಳೆ, ಜಂತು ಎಂದು ಕರೆದೇ ಫ್ಯಾನ್ ಹಾಕುತ್ತಾಳೆ.

ಗಡುವು ಗೊತ್ತಾದ ಮೇಲೆ ನಾನು ಪ್ರಯೋಗಕ್ಕಿಳಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುವವನು ನಾನು. ಹಬ್ಬಕ್ಕೆ ಜನ ಬರುತ್ತಾರೆಂದು ಬೆಕ್ಕಿನ ಟ್ರೇಯನ್ನು ಬಾಲ್ಕನಿಯಿಂದ ತೆಗೆದು ವಾಷಿಂಗ್ ಮೆಷಿನ್ ಪಕ್ಕಕ್ಕೆ ಇಟ್ಟಿದ್ದೆವು. ಅದೇ ಕಾರಣ ಇರಬೇಕೆಂದು ಮತ್ತೆ ಬಾಲ್ಕನಿಗೆ ಇಟ್ಟೆ. ಬೆಕ್ಕು ಬಂದು ಟ್ರೇಯಲ್ಲಿ ಕೂತಿತು, ಎದ್ದಿತು, ನನ್ನನ್ನು ನೋಡಿತು, ಹೋಗಿ ಬಚ್ಚಲುಮನೆಯ ಕಾಲೊರಸಿನ ಮೇಲೆ ನಾಲ್ಕು ಹನಿ ಹಾಕಿತು. ಸರಿ, ಮರಳಿನ ದೋಷವಿರಬೇಕು. ಆ ತಿಂಗಳು ಮಾರೇನಹಳ್ಳಿಯ ಅಂಗಡಿಯವನು ಲ್ಯಾವೆಂಡರ್ ವಾಸನೆಯದ್ದು ಕೊಟ್ಟು, “ಮನೆಯೆಲ್ಲ ಘಮ್ ಅನ್ನತ್ತೆ ಸಾರ್,” ಅಂದಿದ್ದ. ಮನೆ ಘಮ್ ಅನ್ನುತ್ತಿದ್ದದ್ದು ನಿಜ, ಆದರೆ ಲ್ಯಾವೆಂಡರಿನಿಂದಲ್ಲ. ಹಳೆಯ ಮರಳನ್ನೇ ತಂದು ಸುರಿದೆ. ಬೆಕ್ಕು ಮತ್ತೆ ಕೂತಿತು, ಎದ್ದಿತು. ಈ ಸಲ ಹನಿಗಳು ಬಿದ್ದದ್ದು ನಾನು ತಿದ್ದಲು ತಂದಿದ್ದ ಉತ್ತರ ಪತ್ರಿಕೆಗಳ ಪಕ್ಕದಲ್ಲಿ. ಪಕ್ಕದಲ್ಲಿ ಎನ್ನುವುದು ಅದರ ಸೌಜನ್ಯ.

ಅಷ್ಟರಲ್ಲಿ ಚಿಗಟದ ವಿಷಯ ಹೊರಬಿತ್ತು. ಅದನ್ನು ಕಂಡುಹಿಡಿದದ್ದು ನಾವಲ್ಲ, ಅತಿಥಿಗಳು. ಅರಿಶಿನ ಕುಂಕುಮಕ್ಕೆ ಬಂದ ಹಿಂದಿನ ಬೀದಿಯ ಆಂಟಿ ರೇಷ್ಮೆ ಸೀರೆಯಲ್ಲಿ ಜಮಖಾನದ ಮೇಲೆ ಕೂತವರು ಮಾತಿನ ನಡುವೆ ಒಂದು ಕಾಲಿನ ಬೆರಳಿನಿಂದ ಇನ್ನೊಂದು ಕಾಲಿನ ಹರಡು ಕೆರೆದುಕೊಂಡರು. ಪಕ್ಕದಲ್ಲಿದ್ದ ಅವರ ಸೊಸೆಯೂ ಕೆರೆದುಕೊಂಡಳು. ಇಬ್ಬರೂ ಮರ್ಯಾದಸ್ಥರಾದ್ದರಿಂದ ಗೊಂಬೆಗಳನ್ನು ಹೊಗಳುವುದನ್ನು ನಿಲ್ಲಿಸಲಿಲ್ಲ.

“ಈ ವರ್ಷ ಸೊಳ್ಳೆ ಜಾಸ್ತಿ, ಅಲ್ವಾ?” ಅಂದಳು ಅಮ್ಮ.

“ಹೌದು, ತುಂಬಾ,” ಅಂದರು ಅವರು. ಅವರ ಕಾಲಿನಿಂದ ಹಾರಿದ ಸೊಳ್ಳೆಗೆ ರೆಕ್ಕೆ ಇರಲಿಲ್ಲ.

ಮಾರನೆಯ ದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ಬೆಕ್ಕು ಹಳದಿಯಾಗಿತ್ತು. ಅಮ್ಮ ಬೇವಿನ ಸೊಪ್ಪು, ಅರಿಶಿನ ಅರೆದು ಕಿವಿಯಿಂದ ಬಾಲದ ತುದಿಯವರೆಗೆ ಹಚ್ಚಿದ್ದಳು. ಮದುವೆಗೆ ಹಿಂದಿನ ದಿನ ಹಸೆಮಣೆಯ ಮೇಲೆ ಕೂರಿಸಿದ ಗಂಡಿನಂತೆ ಅದು ಮೂಲೆಯಲ್ಲಿ ಕೂತಿತ್ತು. ನೆಲದ ಮೇಲೆ, ಸೋಫಾದ ಮೇಲೆ, ನನ್ನ ಬಿಳಿ ಪಂಚೆಯ ಮೇಲೆ ಹಳದಿ ಹೆಜ್ಜೆಗಳು. ಅದರಿಂದ ಒಂದು ಉಪಕಾರವಾಯಿತು: ಬೆಕ್ಕು ದಿನಕ್ಕೆ ಎಷ್ಟು ಸಲ ಟ್ರೇಗೆ ಹೋಗಿ ಬರುತ್ತದೆ ಎಂಬುದು ನೆಲದ ಮೇಲೆ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಲೆಕ್ಕವಿಲ್ಲದಷ್ಟು ಸಲ ಹೋಗುತ್ತಿತ್ತು. ಅದನ್ನು ನೋಡಿ ನನಗೆ ಏನಾದರೂ ಹೊಳೆಯಬೇಕಿತ್ತು. ಒರೆಸಬೇಕು ಎಂಬುದಷ್ಟೇ ಹೊಳೆಯಿತು.

ಹೆಂಡತಿ ಕತ್ತಿನ ಹಿಂದೆ ಹಾಕುವ ಔಷಧಿಯ ಹನಿ ತಂದಳು. ಅಂಗಡಿಯವನು ಮೊದಲು ನಾಯಿಯದ್ದನ್ನು ಕೊಟ್ಟಿದ್ದನಂತೆ. ಇವಳು ಡಬ್ಬಿ ತಿರುಗಿಸಿ ಓದಿ, ಬೆಕ್ಕಿಗೆ ಅದು ವಿಷ ಎಂದು ಅವನಿಗೇ ಪಾಠ ಹೇಳಿ ಬೇರೆಯದ್ದನ್ನು ತಂದಿದ್ದಳು. ಬೆಕ್ಕನ್ನು ಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಿ, ಹನಿ ಹಾಕಿ, ಒತ್ತು ಹಲ್ಲಿನ ಬಾಚಣಿಗೆಯಿಂದ ಬಾಚಿ, ಸಿಕ್ಕಿದ ಚಿಗಟಗಳನ್ನು ಸೋಪಿನ ನೀರಿನಲ್ಲಿ ಮುಳುಗಿಸಿದಳು. ಜಮಖಾನ, ಹೊದಿಕೆ, ದಿಂಬಿನ ಚೀಲ ಎಲ್ಲ ಬಿಸಿನೀರಿಗೆ ಹೋದವು. ಬೆಕ್ಕು ಕೆರೆದುಕೊಳ್ಳುವುದು ಕಡಿಮೆಯಾಯಿತು. ಕಂಡಕಂಡಲ್ಲಿ ಹನಿ ಹಾಕುವುದು ಕಡಿಮೆಯಾಗಲಿಲ್ಲ.

ಜಾಗ, ಮರಳು, ಚಿಗಟ ಮೂರೂ ಅಲ್ಲವೆಂದಾದ ಮೇಲೆ ನಾನು ಒಂದು ತೀರ್ಮಾನಕ್ಕೆ ಬಂದೆ. ಇದು ಸೇಡು.

“ಬೇಕೂಂತ ಮಾಡ್ತಿಲ್ಲ ರೀ ಅದು,” ಅಂದಳು ಹೆಂಡತಿ.

“ಕೆಂಗೇರಿಗೆ ಹೋಗೋ ಆಸೆ ಇರ್ಬೇಕು,” ಅಂದೆ. ಅವಳು ಬೆಕ್ಕನ್ನು ಎತ್ತಿಕೊಂಡು ರೂಮಿಗೆ ಹೋದಳು.

ಅಮ್ಮ ಹಾಳಾದ ತಟ್ಟೆಯನ್ನು ಮಹಡಿಯ ಮೇಲೆ ಸುರಿದು ಬಂದು, ಉಳಿದ ಒಂದೇ ತಟ್ಟೆಗೆ ಹುಲಿ, ಹಸು, ಕೆರೆ ಎಲ್ಲವನ್ನೂ ಒತ್ತೊತ್ತಾಗಿ ಜೋಡಿಸಿ, ಜನ ಇಲ್ಲದ ಹೊತ್ತಿನಲ್ಲಿ ಅದರ ಮೇಲೆ ಮಂಕರಿ ಕವುಚಿಡುತ್ತಿದ್ದಳು. ಆ ವರ್ಷ ಅವಳು ರಾಜಾಜಿನಗರದ ತಂಗಿಯ ಮನೆಯ ಗೊಂಬೆ ನೋಡಲೂ ಹೋಗಲಿಲ್ಲ. ಯಾಕಮ್ಮ ಅಂದರೆ ಮಂಡಿ ನೋವು ಅಂದಳು. ಬಹಳ ದಿನದಿಂದ ಅವಳು ಎಲ್ಲಿಗೂ ಹೊರಡುತ್ತಿರಲಿಲ್ಲ. ಬೇಸಿಗೆಯಲ್ಲಿ ಶುರು ಮಾಡಿದ ಬಾರ್ಲಿ ನೀರನ್ನು ಮಳೆಗಾಲ ಮುಗಿದರೂ ಕುಡಿಯುತ್ತಿದ್ದಳು. ಕೇಳಿದರೆ “ಉಷ್ಣ” ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಉಷ್ಣ ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಆಯುಧ ಪೂಜೆಯ ದಿನ ನಾನು ಕೆಳಗೆ ಸ್ಕೂಟರ್ ತೊಳೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮೇಲೆ ಬಂದೆ. ಹಾಲಿನಲ್ಲಿ ಚಾಕು, ಕತ್ತರಿ, ಈಳಿಗೆಮಣೆ, ಮಿಕ್ಸಿ ಎಲ್ಲ ಕುಂಕುಮ ಇಟ್ಟುಕೊಂಡು ಸಾಲಾಗಿದ್ದವು. ಚಿಗಟದ ಬಾಚಣಿಗೆಯೂ ಇತ್ತು. ಅದನ್ನು ಹೆಂಡತಿ ಸೇರಿಸಿರಬೇಕು. ಅಮ್ಮ ಪಾರ್ಕಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಮಂಕರಿ ತೆಗೆದಿತ್ತು. ಬೆಕ್ಕು ರಾಗಿ ಪೈರಿನ ಮೇಲೆ ಕುಕ್ಕರಗಾಲಿನಲ್ಲಿತ್ತು. ನಾನು ಕೈ ಎತ್ತಿದೆ.

“ಬಯ್ಬೇಡ ಅದಕ್ಕೆ,” ಅಂದಳು ಅಮ್ಮ.

ಅವಳು ಅದನ್ನು ಓಡಿಸಿರಲಿಲ್ಲ. ನೋಡುತ್ತಾ ಕೂತಿದ್ದಳು. ಬೆಕ್ಕಿನ ಬೆನ್ನು ನಡುಗುತ್ತಿತ್ತು. ಎದ್ದು ಒಂದು ಸುತ್ತು ತಿರುಗಿ ಮತ್ತೆ ಕೂತಿತು. ಮಣ್ಣು ಒಣಗಿಯೇ ಇತ್ತು. ಒಂದು ಥರ ದನಿ ತೆಗೆಯಿತು, ಕೂಗೂ ಅಲ್ಲ, ನರಳಾಟವೂ ಅಲ್ಲ.

“ಬರ್ತಾ ಇಲ್ಲ ಅದಕ್ಕೆ. ನೋಡು ಹೆಂಗೆ ಕೂರ್ತಾ ಇದೆ. ಆಟೋ ಕರಿ.”

“ಇವತ್ತು ಹಬ್ಬ ಕಣಮ್ಮ, ಯಾವ ಡಾಕ್ಟ್ರು ತೆಗೆದಿರ್ತಾರೆ?”

“ಯಾರೋ ಒಬ್ರು ಇರ್ತಾರೆ. ಕರಿಯೋ ಅಂದ್ರೆ. ನಾನೂ ಬರ್ತೀನಿ.”

ಎಲ್ಲಿಗೂ ಹೊರಡದವಳು ಹೊರಟಳಲ್ಲ ಎಂದು ನನಗೆ ಆಶ್ಚರ್ಯವಾಯಿತು. ಆದರೆ ಕೇಳುವಷ್ಟು ಹೊತ್ತಿರಲಿಲ್ಲ. ಹೆಂಡತಿ ಆಗಲೇ ನಾಲ್ಕೈದು ಕಡೆ ಫೋನ್ ಮಾಡಿ, ಬಿನ್ನಿಪೇಟೆಯ ಕಡೆ ಒಂದು ಪ್ರಾಣಿಗಳ ಕ್ಲಿನಿಕ್ ಮಧ್ಯಾಹ್ನದವರೆಗೆ ತೆರೆದಿರುತ್ತದೆಂದು ತಿಳಿದುಕೊಂಡಿದ್ದಳು. ಸಿಕ್ಕಿದ ಆಟೋಗೆ ಎರಡೂ ಕಡೆ ಬಾಳೆಕಂದು, ಮುಂದೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿ. ಡ್ರೈವರ್ ನಮ್ಮ ಬ್ಯಾಗಿನೊಳಗೆ ಇಣುಕಿ ನೋಡಿದ.

“ಈಗ ತಾನೇ ಪೂಜೆ ಆಗಿದೆ ಅಣ್ಣ. ಗಾಡೀಲಿ ಏನೂ ಮಾಡಲ್ಲ ತಾನೇ?”

“ಮಾಡಿದ್ರೆ ನಿಂಗೆ ಪುಣ್ಯ ಬರತ್ತೆ, ನಡಿಯಪ್ಪ,” ಅಂದಳು ಅಮ್ಮ.

ರಸ್ತೆಯಲ್ಲೆಲ್ಲ ಒಡೆದ ಬೂದುಗುಂಬಳಕಾಯಿ. ಅವನು ಒಂದೊಂದನ್ನೂ ತಪ್ಪಿಸಿಕೊಂಡು ಓಡಿಸಿದ. ಬೆಕ್ಕು ದಾರಿಯುದ್ದಕ್ಕೂ ಏನೂ ಮಾಡಲಿಲ್ಲ.

ಕ್ಲಿನಿಕ್ಕಿನಲ್ಲೂ ಪೂಜೆಯಾಗಿತ್ತು. ತೂಕದ ಯಂತ್ರಕ್ಕೆ ಕುಂಕುಮ, ಸ್ಟೆತಾಸ್ಕೋಪಿಗೆ ಒಂದು ಸೇವಂತಿಗೆ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಬೆಕ್ಕಿನ ಹೊಟ್ಟೆಯನ್ನು ಎರಡು ಬೆರಳಿನಿಂದ ಮುಟ್ಟಿದ ಕೂಡಲೇ ಅವರ ಮುಖ ಬದಲಾಯಿತು.

“ಒಳಗೆ ತುಂಬ್ಕೊಂಡು ಕಲ್ಲಿನ ಹಾಗಾಗಿದೆ ಸಾರ್. ಗಂಡು ಬೆಕ್ಕುಗಳಿಗೆ ಮೂತ್ರದ ದಾರಿ ಕಟ್ಕೊಳತ್ತೆ. ಟ್ರೇ ಬಿಟ್ಟು ಬೇರೆ ಕಡೆ ಹೋಗಕ್ಕೆ ಶುರು ಮಾಡಿದ್ರೆ ಮೊದಲು ನಮ್ಮ ಹತ್ರ ಬರ್ಬೇಕು. ನಾಳೆ ಬಂದಿದ್ರೆ ನಾನು ಏನೂ ಹೇಳಕ್ಕಾಗ್ತಿರಲಿಲ್ಲ.” ನಳಿಕೆ ಹಾಕಿ ತೆಗೆಯಬೇಕು, ಒಂದೆರಡು ದಿನ ಇಲ್ಲೇ ಇರಲಿ ಎಂದು ಹೇಳಿ ಪೆನ್ನು ತೆಗೆದುಕೊಂಡರು. “ಹೆಂಗೆ ಮಾಡ್ತಾ ಇತ್ತು, ಸ್ವಲ್ಪ ಹೇಳಿ.”

ನಾನು ಜಾಗ, ಮರಳು, ಚಿಗಟ ಎಂದು ಕ್ರಮವಾಗಿ ಶುರು ಮಾಡುವಷ್ಟರಲ್ಲಿ ಅಮ್ಮ ಮುಂದೆ ಬಂದಳು.

“ಈಗ ಬಂತು ಅನ್ನೋ ಹಾಗಾಗತ್ತೆ ಡಾಕ್ಟ್ರೇ, ಹೋಗಿ ಕೂತ್ರೆ ಬರಲ್ಲ. ಬಂದ್ರೂ ನಾಲ್ಕು ಹನಿ. ಅದಕ್ಕೇ ಪ್ರಾಣ ಹೋಗೋ ಅಷ್ಟು ಉರಿ. ಎದ್ದು ಬಂದ್ರೆ ಮತ್ತೆ ಹೋಗ್ಬೇಕು ಅನ್ಸತ್ತೆ. ಕಿಬ್ಬೊಟ್ಟೆ ಹಿಡ್ಕೊಂಡ ಹಾಗೇ ಇರತ್ತೆ. ಆಮೇಲೆ ನೀರು ಕುಡಿಯಕ್ಕೇ ಹೆದರಿಕೆ.”

ಡಾಕ್ಟರ್ ಬರೆದುಕೊಳ್ಳುತ್ತಿದ್ದರು. “ಎಷ್ಟು ದಿನದಿಂದ?”

“ಯುಗಾದಿ ಆದ್ಮೇಲಿಂದ.”

“ಇಲ್ಲಮ್ಮ,” ಅಂದೆ ನಾನು. “ಹೋದ ವಾರದಿಂದ ತಾನೇ?”

ಅಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

“ಅದಕ್ಕೆ ಹೋದ ವಾರದಿಂದ,” ಅಂದಳು.

ಡಾಕ್ಟರ್ ಪೆನ್ನು ಕೆಳಗಿಟ್ಟು ಅಮ್ಮನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೆಕ್ಕನ್ನು ಎತ್ತಿಕೊಂಡು ಒಳಗೆ ಹೋದರು.

ನಾವು ಮೂವರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಯುಗಾದಿ ಆದಮೇಲೆ ಬೇಸಿಗೆ ಕಳೆದಿತ್ತು, ಮಳೆಗಾಲ ಕಳೆದಿತ್ತು. ಬೆಕ್ಕು ಒಂದು ವಾರ ಟ್ರೇ ಬಿಟ್ಟಿದ್ದಕ್ಕೆ ಮನೆಯವರೆಲ್ಲ ಹಬ್ಬದ ದಿನ ಆಟೋ ಹತ್ತಿದ್ದೆವು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ತಿಳಿಯದೆ ಅಮ್ಮನ ಮೇಲೇ ತೋರಿಸಿದೆ.

“ಯಾಕಮ್ಮ ಹೇಳಲಿಲ್ಲ?”

“ಏನಂತ ಹೇಳೋದೋ? ನಿನ್ ಹತ್ರ ಹೇಳೋ ಮಾತಾ ಅದು? ಅವಳು ಪಾಪ, ಬೆಳಿಗ್ಗೆ ಹೋದ್ರೆ ರಾತ್ರಿ ಬರ್ತಾಳೆ.” ಅಮ್ಮ ದನಿ ತಗ್ಗಿಸಿದಳು. “ಎಲ್ಲೂ ಗಲೀಜು ಮಾಡಿಲ್ಲ ಕಣೋ ನಾನು. ಬಟ್ಟೆ ಒದ್ದೆ ಆದ್ರೆ ಆಗಿಂದಾಗ್ಲೇ ಒಗೆದು ಹಾಕಿದೀನಿ.”

ನನ್ನ ಹೆಂಡತಿ ಅಮ್ಮನ ಕೈ ಹಿಡಿದುಕೊಂಡಳು. ಇಲ್ಲೇ ಹತ್ತಿರ ಲೇಡಿ ಡಾಕ್ಟರ್ ಯಾರಾದರೂ ಸಿಗುತ್ತಾರಾ ಎಂದು ಇನ್ನೊಂದು ಕೈಯಲ್ಲಿ ಫೋನಿನಲ್ಲಿ ಹುಡುಕುತ್ತಿದ್ದಳು.

“ಮಾಡಿದ್ರೆ ಏನಾಗ್ತಿತ್ತು ಅತ್ತೆ?” ಅಂದಳು. “ನಿಮ್ಮನ್ನ ಕೆಂಗೇರಿಗೆ ಕಳಿಸ್ತಿದ್ವಾ?”

ಅಮ್ಮ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

“ಏನೋಮ್ಮ, ಯಾರಿಗ್ ಗೊತ್ತು,” ಅಂದಳು.

ಒಳಗಿನಿಂದ ಬೆಕ್ಕು ಜೋರಾಗಿ ಕೂಗಿತು. ಅಮ್ಮ ಬೆಂಚಿನಿಂದ ಎದ್ದು ಹೋಗಿ ಮುಚ್ಚಿದ ಬಾಗಿಲಿನ ಮುಂದೆ ನಿಂತಳು. ಕೂಗು ನಿಂತ ಮೇಲೂ ಅಲ್ಲೇ ನಿಂತಿದ್ದಳು. ಆಮೇಲೆ ನಮ್ಮ ಕಡೆ ತಿರುಗಿದಳು.

“ಅದನ್ನೂ ಎಲ್ಲಿಗೂ ಕಳಿಸ್ಬೇಡಿ,” ಅಂದಳು.