ಕೊನೆಯ ಹಾಳೆಗಳಿಲ್ಲದ ವನಜಾಕ್ಷಿ

ಅಂಜನಮ್ಮನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ವಸಂತಪುರದ ಅವರ ರಾಗಿ ಹೊಲದಲ್ಲಿ ಈಗ ಗಂಡ ಚಿಕ್ಕಬೈರಪ್ಪ ಕಟ್ಟಿಸಿದ ಬಾಡಿಗೆ ಮನೆಗಳು ನಿಂತಿದ್ದವು. ಕೀಳಲು ಕಳೆಯಿಲ್ಲ, ಮೇವು ಹಾಕಲು ಹಸುವಿಲ್ಲ. ಐವತ್ತೆರಡರ ಹೆಂಗಸು ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ತಾರಸಿಗೆ, ಅಂಗಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದಳು. ರೆಪ್ಪೆಗೆ ರೆಪ್ಪೆ ಹತ್ತದು. ಎದೆಯೊಳಗೆ ಯಾರೋ ಒನಕೆ ಹಾಕಿ ಕುಟ್ಟಿದ ಹಾಗೆ. ಗಂಡನಿಗೆ ಹೇಳಿದರೆ, "ತಿಂದುಂಡ್ ಕೂತಿರೋರ್ಗೆ ಇನ್ನೇನಾಯ್ತದೆ?" ಎನ್ನುತ್ತಿದ್ದ.

ಮಹಡಿ ಮನೆ ಖಾಲಿ ಮಾಡಿದವರು ಬಿಟ್ಟುಹೋದ ರದ್ದಿಯಲ್ಲಿ ಅವಳಿಗೊಂದು ಹಳೆಯ ಕಾದಂಬರಿ ಸಿಕ್ಕಿತು. ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರೋ ತಿಳಿಯದು. ಒಳಗೆ ವನಜಾಕ್ಷಿ ಎಂಬ ಸೊಸೆ. ಶಾಲೆಯಲ್ಲಿ ಪಾಠ ಹೇಳಲು ಹೋಗುತ್ತೇನೆ ಎಂದದ್ದೇ ತಪ್ಪಾಗಿ, ತಲೆ ಕೆಟ್ಟಿದೆಯೆಂದು ಮನೆಯವರು ಅವಳನ್ನು ಕೋಣೆಯಲ್ಲಿ ಕೂಡಿಹಾಕಿದ್ದರು. 'ಹೊರಗಿನಿಂದ ಬೀಗ ತೆಗೆದ ಸದ್ದಾಯಿತು. ವನಜಾಕ್ಷಿ ಎದ್ದು ನಿಂತಳು.' ಅಷ್ಟೇ. ಮುಂದಿನ ಹಾಳೆಗಳೇ ಇಲ್ಲ!

ಕತೆಯನ್ನು ಅರ್ಧಕ್ಕೆ ಬಿಟ್ಟು ಏಳಬಾರದು ಅನ್ನುತ್ತಿದ್ದ ಅಜ್ಜಿಯ ಮೊಮ್ಮಗಳು ಇವಳು. ಮುದ್ದೆ ತಿರುವುತ್ತಾ ತಾನೇ ಗಟ್ಟಿಯಾಗಿ ಕೊನೆ ಕಟ್ಟತೊಡಗಿದಳು. ಒಂದು ದಿನ ವನಜಾಕ್ಷಿಯನ್ನು ಬಾವಿಗೆ ಬೀಳಿಸಿ, "ಥೂ, ಇಷ್ಟಕ್ಕೇ ಓದಿದ್ನಾ?" ಎಂದು ಮೇಲೆತ್ತಿದಳು. ಇನ್ನೊಂದು ದಿನ ವನಜಾಕ್ಷಿಯ ಗಂಡನಿಂದ ಕ್ಷಮೆ ಕೇಳಿಸಿದಳು. ಅದನ್ನು ಅವಳೇ ನಂಬಲಿಲ್ಲ.

ಪಕ್ಕದ ಮನೆ ಮೀನಾಕ್ಷಮ್ಮನ ಕಿವಿಗೆ ಇದು ಬಿತ್ತು. "ಬೈರಪ್ಪಣ್ಣ, ಯಾವಳ್ದೋ ಹೆಸರ್ ಹಿಡ್ದು ಕರೀತವ್ಳೆ. ಗಾಳಿ ಸೋಕೈತೆ!"

ತಾಯತ ಬಂತು, ಮಂತ್ರಿಸಿದ ನಿಂಬೆಹಣ್ಣು ಬಂತು. ಕಾಲು ಮಾತ್ರ ನಿಲ್ಲಲಿಲ್ಲ. ಕೊನೆಗೆ ಚಿಕ್ಕಬೈರಪ್ಪ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜಯನಗರದ ಮನೋವೈದ್ಯೆ ರೇಖಾ ಬಳಿಗೆ ಕರೆದೊಯ್ದ.

"ನಿದ್ದೆ ಬರತ್ತಾ ಅಮ್ಮ?" ವೈದ್ಯೆ ಕೇಳಿದಳು.

"ಬರಲ್ಲ ಮೇಡಂ," ಎಂದ ಚಿಕ್ಕಬೈರಪ್ಪ.

"ಊಟ?"

"ಅದೇನೋ ಮಾಡ್ತಾಳೆ."

"ಭಯ ಆಗತ್ತಾ?"

"ನಮ್ಗೇ ಆಗೋದು ಮೇಡಂ! ವನಜಾಕ್ಷಿ ಅಂತ ಯಾವಳೋ ಮೈಮೇಲೆ ಬತ್ತಾವ್ಳೆ."

ಅಂಜನಮ್ಮ ಕುರ್ಚಿಯಿಂದ ಎದ್ದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಬಾಯಿಗೆ ಬಂದು ಬಂದು ಒಳಗೇ ಇಳಿದಿದ್ದ ಮಾತು ಈಗ ಹೊರಗೆ ಬಿತ್ತು.

"ಹೊಟ್ಟೆ ನಂದು, ನೋವು ನಂದು, ನರಳೋದು ನೀವಾ? ಒಸಿ ಹೊರ್ಗ್ ಕೂತ್ಕಳಿ."

ಚಿಕ್ಕಬೈರಪ್ಪ ವೈದ್ಯೆಯ ಮುಖ ನೋಡಿದ. ವೈದ್ಯೆ ಬಾಗಿಲು ನೋಡಿದಳು. ಅವನು ಎದ್ದು ಹೋದ.

"ವನಜಾಕ್ಷಿ ಪುಸ್ತಕದಾಗವ್ಳೆ ಮೇಡಂ, ಮೈಮೇಲಿಲ್ಲ," ಎಂದಳು ಅಂಜನಮ್ಮ. "ನಿದ್ದೆ ಬರ್ದೇ ಇರೋದು ನಂಗೆ. ಎದೆ ಕುಟ್ಟೋದೂ ನಂದೇ." ಅರ್ಧ ಗಂಟೆ ಅವಳೊಬ್ಬಳೇ ಮಾತಾಡಿದಳು. ವೈದ್ಯೆ ಮಾತ್ರೆ ಬರೆದುಕೊಟ್ಟು, ಇದು ಕಾಯಿಲೆ, ವಾಸಿಯಾಗುತ್ತದೆ, ಮುಂದಿನ ಗುರುವಾರ ಬನ್ನಿ ಎಂದಳು.

"ಏನ್ ಹೇಳ್ದೆ ಒಳ್ಗೆ?" ಹೊರಗೆ ಗಂಡ ಕಾಯುತ್ತಿದ್ದ.

"ನಂದು ನಾನ್ ಹೇಳ್ದೆ. ನನ್ ಆಧಾರ್ ಕಾರ್ಡ್ ಕೊಡಿ."

ಹೆಂಗಸರಿಗೆಲ್ಲ ಬಸ್ಸು ಫ್ರೀ ಆಗಿದ್ದರೂ ಅಂಜನಮ್ಮ ಒಬ್ಬಳೇ ಹತ್ತಿದವಳಲ್ಲ. ತೋರಿಸಬೇಕಾದ ಕಾರ್ಡು ಸದಾ ಅವನ ಅಂಗಿ ಜೇಬಿನಲ್ಲಿರುತ್ತಿತ್ತು.

"ಸ್ಕೂಟರ್ ಇಲ್ವೇನೆ?"

"ಗುರುವಾರ ಒಬ್ಳೇ ಬರ್ಬೇಕು. ದಾರಿ ರೂಢಿ ಆಗ್ಲಿ."

"ಕಳ್ದೋಯ್ತೀಯ ಕಣೆ!"

"ಕಾರ್ಡಲ್ಲಿ ಅಡ್ರೆಸ್ ಐತಲ್ಲ, ಯಾರಾದ್ರೂ ತಂದ್ ಬಿಡ್ತಾರೆ."

ಅವನು ಜೇಬಿಗೆ ಕೈ ಹಾಕಿದ, ತೆಗೆದ, ಮತ್ತೆ ಹಾಕಿದ. ಕಾರ್ಡು ಅವಳ ಕೈಗೆ ಬಂತು.

ಅವಳು ಹತ್ತಿದ ಬಸ್ಸಿನ ಹಿಂದೆಯೇ ಅವನ ಸ್ಕೂಟರ್ ಬರುತ್ತಿತ್ತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದು ಅದು ಹಿಂದೆ ಉಳಿಯಿತು.

"ಎಲ್ಲಿಗಕ್ಕಾ?" ಕಂಡಕ್ಟರ್ ಕೇಳಿದ.

ವಸಂತಪುರ ನಾಲಿಗೆಯ ತುದಿಯಲ್ಲಿತ್ತು. ಕೂತಲ್ಲೇ ಕಾಲು ಕುಣಿಯುತ್ತಿತ್ತು.

"ಈ ಬಸ್ಸು ಎಲ್ಲಿಗಂಟ ಹೋಯ್ತದಪ್ಪ?"

"ತಲಘಟ್ಟಪುರ." ವಸಂತಪುರ ದಾಟಿ ಇನ್ನೂ ಮುಂದೆ.

"ಅಲ್ಲಿಗೇ ಕೊಡು."

ಟಿಕೆಟ್ಟನ್ನು ಅಂಗೈಲಿ ಹಿಡಿದು ಕಿಟಕಿಗೆ ಹೇಳಿದಳು: "ಹೂಂ ವನಜಾಕ್ಷಿ, ಬೀಗ ತೆಗೆದ್ರು. ಆಮೇಲೆ?"

ಪಕ್ಕದ ಹುಡುಗಿ ಕಿವಿಯಿಂದ ಇಯರ್‌ಫೋನ್ ಕಿತ್ತಳು. "ಏನಾಂಟಿ?"

"ನಿಂಗಲ್ಲ ಕಣವ್ವ," ಎಂದು ಅಂಜನಮ್ಮ ಸ್ವಲ್ಪ ಸರಿದು ಕೂತಳು. "ಕೇಳಂಗಿದ್ರೆ ಹೇಳ್ತೀನಿ. ತಲಘಟ್ಟಪುರದ್ ಗಂಟ ಟೈಮೈತೆ."