ತೆಂಗಿನೆಣ್ಣೆ ಕುಡಿದ ಬೈಕು

ಅಡುಗೆಮನೆಯಲ್ಲಿ ನನ್ನ ಹೆಂಡತಿ ಕುಸುಮ ಒಗ್ಗರಣೆಗೆ ತೆಂಗಿನೆಣ್ಣೆ ಕಾಯಿಸಿದಾಗಲೆಲ್ಲ ನನ್ನ ಬಲಗೈಯ ಎರಡು ಬೆರಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಇವತ್ತು ಬೆಳಿಗ್ಗೆಯೂ ಹಾಗೇ ಆಗಿ ಲೋಟದ ಚಹಾ ಅರ್ಧ ಚೆಲ್ಲಿತು. ಆ ವಾಸನೆಗೆ ಉಳಿದವರಿಗೆ ಹಸಿವಾಗುತ್ತದೆ. ನನಗೆ ಬ್ರೇಕು ಹಿಡಿಯಬೇಕೆನಿಸುತ್ತದೆ. ಕಾರಣ ಹೇಳಬೇಕಾದರೆ ಮರ್ಯಾದೆಯನ್ನು ಸ್ವಲ್ಪ ಬದಿಗಿಡಬೇಕು. ಪರವಾಗಿಲ್ಲ, ನೀವು ಹೊರಗಿನವರಲ್ಲವಲ್ಲ.

ಹಂಪನಕಟ್ಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ನಲವತ್ತೈದು ದಾಟಿದವರಿಗೆ ಓದುವ ಕನ್ನಡಕ ಮಾರುತ್ತಾ ಮಾರುತ್ತಾ ನನಗೂ ನಲವತ್ತೈದಾಯಿತು. ಆ ವರ್ಷವೇ, ಗಲ್ಫಿಗೆ ಮರಳಿ ಹೊರಟ ಗಿರಾಕಿಯೊಬ್ಬರು ತಮ್ಮ ಎಂಟುನೂರು ಸಿಸಿಯ ಬೈಕು ಮಾರುತ್ತಿದ್ದಾರೆಂದು ತಿಳಿದು ನೋಡಲು ಹೋದೆ. ಬರೀ ನೋಡಿ ಬರುತ್ತೇನೆ ಎಂದು ಕುಸುಮಳಿಗೆ ಹೇಳಿದ್ದೆ. ಸಂಜೆ ಅದರ ಮೇಲೆಯೇ ಕುಳಿತು ಬಂದೆ. ಎಂಜಿನ್ನಿಗೆ ಯಾವ ಪ್ಲಾಸ್ಟಿಕ್ ಹೊದಿಕೆಯೂ ಇಲ್ಲದೆ ಎಲುಬು, ನರ ಎಲ್ಲ ಹೊರಗೇ ಕಾಣುವ ಜಾತಿಯದು. ನೇಕೆಡ್ ಬೈಕ್, ಅಂದರೆ ಬೆತ್ತಲೆ ಬೈಕು ಎನ್ನುತ್ತಾರೆ ಎಂದು ಮಾವನಿಗೆ ವಿವರಿಸಿದೆ.

“ಅಂಗಿ ಹಾಕದ್ದಕ್ಕೆ ಇಷ್ಟು ಕ್ರಯವಾ ಮಾರಾಯ?” ಎಂದರು.

ಮಾವ ಎಂದರೆ ಕುಸುಮಳ ತಂದೆಯಲ್ಲ, ನನ್ನ ತಾಯಿಯ ಅಣ್ಣ. ನಮ್ಮ ತುಳುವರಲ್ಲಿ ಆ ಸ್ಥಾನ ದೊಡ್ಡದು. ಮದುವೆಯಾಗದ ಅವರು ನನ್ನನ್ನು ಸಾಕಿದರು, ಸೈಕಲ್ಲಿನ ಸೀಟು ಹಿಡಿದು ಹಿಂದೆ ಓಡಿ ಓಡಿ ಸವಾರಿ ಕಲಿಸಿದರು. ಈಗ ಪಡೀಲಿನ ಮನೆಯಲ್ಲಿ ನಮ್ಮೊಟ್ಟಿಗೇ ಇದ್ದಾರೆ. ಗದ್ದೆ ಬಿಟ್ಟು ಬಂದ ಮೇಲೆ ಅವರಿಗೆ ಉಳಿದ ಕಸುಬು ಒಂದೇ, ಕಬ್ಬಿಣಕ್ಕೆ ಎಣ್ಣೆ ಹಚ್ಚುವುದು. ನಮ್ಮ ಕರಾವಳಿಯ ಉಪ್ಪುಗಾಳಿ ಕಬ್ಬಿಣವನ್ನು ಕಂಡರೆ ಬಿಡುವುದಿಲ್ಲ. ಮಾವ ಒಂದು ಕರಟದಲ್ಲಿ ತೆಂಗಿನೆಣ್ಣೆ, ಒಂದು ಹಳೆ ಬಟ್ಟೆಯ ತುಂಡು ಹಿಡಿದು ಗೇಟು, ಬಾವಿಯ ರಾಟೆ, ಕತ್ತಿ, ಹಾರೆ ಎಂದು ವಾರವಿಡೀ ಸುತ್ತುತ್ತಿದ್ದರು. ನಮ್ಮ ಮನೆಯಲ್ಲಿ ನನ್ನೊಬ್ಬನ ಹೊರತು ಬೇರೇನೂ ಕಿರುಗುಟ್ಟುತ್ತಿರಲಿಲ್ಲ.

ಅಷ್ಟು ಶಕ್ತಿಯ ಬೈಕಿನಲ್ಲಿ ಎಲ್ಲಿಗೆ ಹೋದಿರಿ ಎಂದು ಕೇಳಬೇಡಿ, ನಾಚಿಕೆಯಾಗುತ್ತದೆ. ಪಡೀಲಿನಿಂದ ಪಂಪ್‌ವೆಲ್, ಪಂಪ್‌ವೆಲ್‌ನಿಂದ ಹಂಪನಕಟ್ಟೆ. ವಾರದ ದಿನಗಳಲ್ಲಿ ಆರು ಗೇರುಗಳ ಪೈಕಿ ನಾಲ್ಕನೆಯದು ನನಗೆ ದೂರದ ನೆಂಟ. ಸಿಟಿ ಬಸ್ಸುಗಳ ಹಿಂದೆ ತೆವಳುವಾಗ ಎಂಜಿನ್ನಿನ ಬಿಸಿಗೆ ತೊಡೆ ಬೇಯುತ್ತಿತ್ತು. ಪಕ್ಕದಲ್ಲಿ ನಿಂತ ಸ್ಕೂಟರಿನವರು ಮೈಲೇಜು ಕೇಳಿದರೆ ಕಿವಿ ಕೇಳಿಸದವನ ಹಾಗೆ ಸಿಗ್ನಲ್ ನೋಡುತ್ತಿದ್ದೆ. ಆದರೆ ಭಾನುವಾರ ಬೆಳಿಗ್ಗೆ ಖಾಲಿ ಹೆದ್ದಾರಿಯಲ್ಲಿ ಒಮ್ಮೆ ಕೈ ತಿರುಗಿಸಿದರೆ ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗಾಗುತ್ತಿತ್ತು. ಅಷ್ಟು ಸಂತೋಷ ನನಗೆ ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ಕುಸುಮಳಿಗೆ ಇದನ್ನು ಹೇಳಬೇಡಿ.

ಬೈಕು ಬಂದ ವರ್ಷದ ಆಯುಧಪೂಜೆಯ ಹಿಂದಿನ ದಿನ ವಾಡಿಕೆಯಂತೆ ಮನೆಯ ಕಬ್ಬಿಣವೆಲ್ಲ ಅಂಗಳಕ್ಕೆ ಬಂತು. ನಾನು ಅಂಗಡಿಗೆ ಬಸ್ಸಿನಲ್ಲಿ ಹೋಗಿದ್ದೆ. ಮಾವ ಬೈಕನ್ನೂ ಬಿಡಲಿಲ್ಲ. ಚಕ್ರದ ಪಕ್ಕ ಊಟದ ತಟ್ಟೆಯಷ್ಟು ದೊಡ್ಡ ಡಿಸ್ಕುಗಳು ಬಣ್ಣವಿಲ್ಲದೆ ಬೋಳಾಗಿ ಕಂಡರೆ ಅವರ ಜೀವ ತಡೆಯುತ್ತದೆಯೇ? ಅವರು ಓಡಿಸಿದ ಕಾಲದ ಮೋಟಾರ್‌ಸೈಕಲ್ಲುಗಳಲ್ಲಿ ಬ್ರೇಕು ಚಕ್ರದ ನಡುವಿನ ಡಬ್ಬಿಯೊಳಗೆ ಅಡಗಿರುತ್ತಿತ್ತು. ಹೊರಗೆ ಎಷ್ಟು ಎಣ್ಣೆ ಹಚ್ಚಿದರೂ ತೊಂದರೆಯಿಲ್ಲ. ಇದರಲ್ಲಾದರೋ ಬ್ರೇಕಿನ ಪ್ಯಾಡುಗಳು ಆ ಡಿಸ್ಕನ್ನೇ ಅದುಮಿ ಹಿಡಿದು ಬೈಕು ನಿಲ್ಲಿಸಬೇಕು. ಮುಂದಿನದು, ಹಿಂದಿನದು ಎಂದು ಭೇದ ಮಾಡದೆ ಮಾವ ಎಲ್ಲವನ್ನೂ ಮಿರಮಿರ ಮಿಂಚಿಸಿದ್ದರು.

ಮರುದಿನ ಹೂವಿನ ಹಾರ ಹಾಕಿ, ಟಯರಿನ ಕೆಳಗೆ ನಿಂಬೆಹಣ್ಣು ಒಡೆದು ಹೊರಟೆ. ಮನೆಯ ಓಣಿಯಲ್ಲಿ ಬ್ರೇಕು ಬೇಕಾಗಲಿಲ್ಲ. ಮುಖ್ಯರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಬಸ್ಸು ಜನ ಹತ್ತಿಸಲು ಗಕ್ಕನೆ ನಿಂತಿತು. ಬಲಗೈಯ ಎರಡು ಬೆರಳಲ್ಲಿ ಬ್ರೇಕು ಹಿಡಿದೆ, ಬೈಕು ನಿಲ್ಲಲಿಲ್ಲ. ಇನ್ನೂ ಬಲವಾಗಿ ಹಿಡಿದೆ. ಕಾದ ಬಾಣಲೆಯ ವಾಸನೆ ಮೂಗಿಗೆ ಬಂತು. ಎಡಕ್ಕೆ ಎಳೆದು ರಸ್ತೆಬದಿಯ ಎಳನೀರಿನ ರಾಶಿಗೆ ನುಗ್ಗಿ ಬಿದ್ದೆ. ಮೊಣಕೈಯ ಚರ್ಮ ಹೋಯಿತು, ಬೈಕಿನ ಒಂದು ಕನ್ನಡಿ ಹೋಯಿತು. ಮಾರುವವರು ನನ್ನನ್ನು ಎತ್ತಿ ಕೂರಿಸಿ, “ಬೊಂಡ ಬೇಕಿದ್ರೆ ನಿಂತು ಕೇಳ್ಬಾರ್ದಾ ಮಾರಾಯ್ರೆ?” ಎನ್ನುತ್ತಾ ಒಂದು ಎಳನೀರು ಕೆತ್ತಿ ಕೊಟ್ಟರು.

ಕರೆಸಿದ ಮೆಕ್ಯಾನಿಕ್ ಬಂದು ಬಗ್ಗಿ ಚಕ್ರ ಮೂಸಿದರು. “ಡಿಸ್ಕಿಗೆ ತೆಂಗಿನೆಣ್ಣೆ ಹಾಕಿದ್ದು ಯಾರು ಸರ್? ಪ್ಯಾಡೆಲ್ಲ ಎಣ್ಣೆ ಕುಡಿದಿದೆ. ಬದಲಿಸ್ಲೇಬೇಕು.”

ರಿಕ್ಷಾದಲ್ಲಿ ಮನೆಗೆ ಬಂದೆ. ಮಾವ ಗೇಟಿನ ಹತ್ತಿರವೇ ಸಿಕ್ಕಿದರು.

“ನಿಮಗೆ ಯಾರು ಹೇಳಿದ್ದು ಅದನ್ನು ಮುಟ್ಲಿಕ್ಕೆ? ಗೊತ್ತಿಲ್ಲದಿದ್ರೆ ಒಂದು ಮೂಲೆಯಲ್ಲಿ ಸುಮ್ಮನೆ ಕೂತ್ಕೊಳ್ಳಿ!” ಎಂದು ಕಿರುಚಿದೆ.

ಮಾವ ನನ್ನ ಮೊಣಕೈ ನೋಡಿದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವರೂ ಅವರೇ.

ಮೊಣಕೈ ವಾರದಲ್ಲಿ ಮಾಯಿತು. ಮನೆ ಮಾತ್ರ ಕಿರುಗುಟ್ಟತೊಡಗಿತು. ಮೊದಲು ಗೇಟು, ಆಮೇಲೆ ಬಾವಿಯ ರಾಟೆ. ಮಾವ ನಾನು ಹೇಳಿದಂತೆಯೇ ಮೂಲೆಯಲ್ಲಿ ಕುಳಿತಿದ್ದರು. ಬಂಟ್ವಾಳದಲ್ಲಿ ನನ್ನ ತಂಗಿಯ ಮನೆಯಿದೆ. ಅಲ್ಲಿಗೆ ಹೋಗಿಬಿಡುತ್ತೇನೆ, ಇಲ್ಲಿ ನನ್ನಿಂದ ಎಂತ ಉಪಕಾರ ಉಂಟು ಎಂದು ಅವರು ಕುಸುಮಳೊಡನೆ ಹೇಳಿದರಂತೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು. “ಬೈಕಿಗೆ ಹೊಸ ಬ್ರೇಕ್ ಬಂತಲ್ಲ, ನಿಮ್ಮ ನಾಲಿಗೆಗೆ ಯಾವಾಗ ಬರ್ತದೆ?”

ಹಿರಿಯರ ಬಳಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ಒಂದು ಭಾನುವಾರ ಹಳೆಯ ಲುಂಗಿ ಹರಿದು, ಎಣ್ಣೆ ತಾಗದ ಹಾಗೆ ಡಿಸ್ಕುಗಳಿಗೆ ಸುತ್ತಿ ಕಟ್ಟಿದೆ. ಎಣ್ಣೆಯ ಕರಟವನ್ನು ಮಾವನ ಮುಂದಿಟ್ಟೆ.

“ಸ್ಟ್ಯಾಂಡಿನ ಸ್ಪ್ರಿಂಗು, ಬೋಲ್ಟು ಎಲ್ಲ ತುಕ್ಕು ಹಿಡೀತಾ ಉಂಟು ಮಾವ. ನಿಮ್ಮ ಹಾಗೆ ಮಾಡ್ಲಿಕ್ಕೆ ನನಗೆ ಗೊತ್ತಾಗುದಿಲ್ಲ,” ಎಂದೆ.

ಮಾವ ಎದ್ದು ಬಂದು ಬಗ್ಗಿ ಆ ಲುಂಗಿಯನ್ನು ಮುಟ್ಟಿ ನೋಡಿದರು. “ಗಂಟು ಸರಿ ಆಗ್ಲಿಲ್ಲ,” ಎಂದು ಬಿಚ್ಚಿ ತಾವೇ ಮತ್ತೆ ಕಟ್ಟಿದರು. ಬಂಟ್ವಾಳದ ಸುದ್ದಿ ಆಮೇಲೆ ಬರಲಿಲ್ಲ.

ಅಂದಿನಿಂದ ನಾನು ಹೊರಡುವ ಮೊದಲು ಮಾವ ಸಾಬೂನಿನಲ್ಲಿ ಕೈ ತೊಳೆದು ಬಂದು, ಡಿಸ್ಕಿನ ಮೇಲೆ ಬೆರಳೆಳೆದು ಮೂಸುತ್ತಾರೆ. “ವಾಸನೆ ಇಲ್ಲ, ಹೋಗು” ಎಂದರೇ ನನಗೆ ಅಪ್ಪಣೆ. ಆದರೆ ಹಿಂದೆ ಕೂರಿ ಎಂದರೆ ಈ ಎರಡು ವರ್ಷ ಒಮ್ಮೆಯೂ ಒಪ್ಪಿರಲಿಲ್ಲ. ಸೀಟು ಅಂಗೈಯಷ್ಟೇ ಉಂಟು ಎನ್ನುವುದು ನೆಪ. ತನ್ನ ಕೈಯಿಂದ ಕೆಟ್ಟ ಬೈಕು ಅದು ಎಂಬುದು ಅವರ ಮನಸ್ಸಿನಿಂದ ಹೋಗಿರಲಿಲ್ಲ.

ಇವತ್ತು ನನ್ನ ಚಹಾ ಚೆಲ್ಲಿದ್ದನ್ನು ಮಾವ ಕಂಡುಬಿಟ್ಟರು.

“ಇನ್ನೂ ಹಾಗೆ ಆಗ್ತದಾ ನಿನಗೆ?”

“ಒಗ್ಗರಣೆ ಹಾಕುವಾಗ ಮಾತ್ರ,” ಎಂದೆ.

ಅವರು ನಗಲಿಲ್ಲ. ಎದ್ದು ಕೈ ತೊಳೆದರು, ಡಿಸ್ಕು ಮೂಸಿದರು. ಕುಸುಮಳ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡು ಮುಂಡು ಎತ್ತಿ ಕಟ್ಟಿದರು. “ನಡಿ, ನಾನೂ ಬರ್ತೇನೆ. ಹೆದರ್ಬೇಡ.” ಸೈಕಲ್ಲು ಕಲಿಸುವಾಗಲೂ ಹೀಗೇ ಹೇಳುತ್ತಿದ್ದರು.

ಎಪ್ಪತ್ತೆರಡರ ಎರಡು ಕೈಗಳು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದವು. ಎಳನೀರಿನ ರಾಶಿ ಈಗಲೂ ಅದೇ ಜಾಗದಲ್ಲಿದೆ. ಸರಿಯಾಗಿ ಅದರ ಎದುರಿಗೇ ಮುಂದಿನ ಬಸ್ಸು ನಿಂತಿತು. ನನ್ನ ಎರಡು ಬೆರಳು ಮಡಚಿದವು. ಬೈಕು ನಿಂತಿತು. ಹೆಗಲ ಮೇಲಿನ ಹಿಡಿತ ಮೆಲ್ಲಗೆ ಸಡಿಲವಾಯಿತು.

“ನಿಂತಿತಲ್ಲಾ ಮಗಾ,” ಎಂದರು ಮಾವ. ಬಸ್ಸು ಹೊರಟ ಮೇಲೆ ನನ್ನ ಬೆನ್ನು ತಟ್ಟಿದರು. “ಇನ್ನು ಸ್ವಲ್ಪ ಜೋರು ಬಿಡು.”