ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಕೆಳಗಿನ ಮನೆಯ ಕಾಕುವಿನ ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿನ ಜೊತೆ ಒಂದು ಪುಟ್ಟ ಕತ್ತರಿ ಜೋತಾಡುತ್ತಿತ್ತು. ಅದರ ಹಿಡಿಕೆಗೆ ಸುತ್ತಿದ್ದ ಕೆಂಪು ನೂಲು ಬೆವರಿಗೆ ಕಂದುಬಣ್ಣಕ್ಕೆ ತಿರುಗಿತ್ತು. ನೂಲು ಕೆಂಪೇ ಇತ್ತೇ ಎಂದು ಈಗ ಯಾರಾದರೂ ಆಣೆ ಮಾಡಿಸಿದರೆ ಹಿಂಜರಿಯುತ್ತೇನೆ. ಅವ್ವ ಹಸಿರು ಅನ್ನುತ್ತಾಳೆ. ಕತ್ತರಿ ಇದ್ದದ್ದಂತೂ ನಿಜ. ಅವರು ಮೆಟ್ಟಿಲು ಹತ್ತುತ್ತಿದ್ದರೆ ಅದರ ಕಿಣಿಕಿಣಿ ನಮ್ಮ ಅಡುಗೆಮನೆಯವರೆಗೆ ಕೇಳುತ್ತಿತ್ತು.

ಪುಣೆಯ ಕೋಥರೂಡದಲ್ಲಿ ನಮ್ಮ ಸೊಸೈಟಿಯ ಗೇಟಿನ ಬಳಿ ತರಕಾರಿ ಗಾಡಿಯವನೊಬ್ಬ ನಿಲ್ಲುತ್ತಾನೆ. ಅವನು ಟೊಮೆಟೊ ತೂಗಿ ಚೀಲದ ಬಾಯಿ ಬಿಗಿಯಲು ಹೊರಟರೆ ಕಾಕು ಮರಾಠಿಯಲ್ಲಿ "ಗಾಠ ನಕೋ, ದಾದಾ" ಎನ್ನುತ್ತಿದ್ದರು. ಗಂಟು ಬೇಡ. ಗಂಟು ಹಾಕದಿದ್ದರೆ ಟೊಮೆಟೊ ಉರುಳಿಕೊಂಡು ಮತ್ತೆ ನನ್ನ ಗಾಡಿಗೇ ಬರುತ್ತವೆ ಅಜ್ಜಿ, ಎಂದು ಅವನು ರೇಗಿಸುವನು. ಬರಲಿ ಬಿಡು, ಆಗಲಾದರೂ ಸರಿಯಾಗಿ ತೂಗುತ್ತೀಯ, ಎಂದು ಕಾಕು ಹೇಳುವರು. ಆಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ತಮ್ಮ ಚೀಲದಿಂದ ತೆಗೆದು ಸಿಕ್ಕಿಸುವರು. ಅವರ ಮನೆಯಲ್ಲಿ ರವೆಯ ಪೊಟ್ಟಣಕ್ಕೆ ಕ್ಲಿಪ್ಪು, ಚಟ್ನಿಪುಡಿಗೆ ಕ್ಲಿಪ್ಪು, ಪರದೆಗೂ ಕ್ಲಿಪ್ಪು. ಮಗನಿಗೆ ಲೇಸಿನ ಬೂಟು ಎಂದೂ ಕೊಡಿಸಲಿಲ್ಲವಂತೆ. ಕತ್ತರಿ ಇದ್ದದ್ದು ಹೊರಗಿನಿಂದ ಬರುವ ಗಂಟುಗಳಿಗೆ. ಮಿಠಾಯಿ ಡಬ್ಬಿ, ಹೂವಿನ ಪೊಟ್ಟಣ ಏನೇ ಬಂದರೂ ಬಿಚ್ಚಲು ಪ್ರಯತ್ನಿಸುತ್ತಲೇ ಇರಲಿಲ್ಲ, ನೇರವಾಗಿ ಕತ್ತರಿಸುತ್ತಿದ್ದರು.

ಕಾಕು ಜಪಾನಿನವರು. ಪುಣೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಅವರ ಗಂಡ, ಧಾರವಾಡದ ಕಾಕಾ, ತರಬೇತಿಗೆಂದು ಅಲ್ಲಿಗೆ ಹೋದವರು ಮದುವೆಯಾಗಿ ಕರೆತಂದಿದ್ದರು. ಮನೆಯಲ್ಲಿದ್ದ ಅತ್ತೆಗೆ ಕನ್ನಡ ಬಿಟ್ಟು ಇನ್ನೊಂದು ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಕಾಕು ರೊಟ್ಟಿ ಬಡಿಯುತ್ತ ಮೊದಲು ಕಲಿತದ್ದು ಧಾರವಾಡದ ಕನ್ನಡ. ಮರಾಠಿ ಆಮೇಲೆ ಬಂತು. ಬೆಂಗಳೂರಿನಿಂದ ಬಂದ ಹೊಸ ಬಾಡಿಗೆದಾರನೊಬ್ಬ ಲಿಫ್ಟಿನಲ್ಲಿ, "ಆಂಟಿ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ!" ಎಂದು ಬೆರಗಾದಾಗ, "ನೀವೂ ಕಲೀರಿ, ಭಾಳ ತ್ರಾಸೇನಿಲ್ಲ" ಎಂದಿದ್ದರು.

ನಾನು ಶಾಲೆಯಲ್ಲಿದ್ದಾಗಿನ ಒಂದು ಸ್ವಾತಂತ್ರ್ಯ ದಿನ. ಸೊಸೈಟಿಯ ಅಧ್ಯಕ್ಷರು ಹಗ್ಗ ಎಳೆದರೆ ಬಾವುಟ ಬಿಚ್ಚಿಕೊಳ್ಳಲಿಲ್ಲ. ಮತ್ತೆ ಎಳೆದರು. ಜೋತುಬಿದ್ದು ಎಳೆದರು. ಹೂವಿನ ಎಸಳು ತುಂಬಿದ ಮೂಟೆ ಕಂಬದ ತುದಿಯಲ್ಲಿ ಹಾಗೇ ಕುಳಿತಿತ್ತು. ನಾವು ಹುಡುಗರು ನಗು ತಡೆಯಲಾರದೆ ಬಿಕ್ಕುತ್ತಿದ್ದೆವು. ಕೊನೆಗೆ ಕೆಳಗಿಳಿಸಿ, ಕಾಕು ತಾವೇ ಮಡಚಿ, ಹಗ್ಗವನ್ನು ಹೇಗೋ ಸುತ್ತಿ ಮೇಲೆ ಕಳಿಸಿದರು. ಅಧ್ಯಕ್ಷರು ಮುಟ್ಟಿದರೋ ಇಲ್ಲವೋ, ಎಸಳೆಲ್ಲ ಅವರ ಬೋಳುತಲೆಯ ಮೇಲೆ ಸುರಿದವು. ಅಂದಿನಿಂದ ಬಾವುಟ ಕಟ್ಟುವ ಕೆಲಸ ಕಾಕುವಿನದು.

"ಗಂಟು ಬ್ಯಾಡ ಅಂತೀರಿ, ಇದನ್ನ ಹೆಂಗ ಕಟ್ಟತೀರಿ?" ಎಂದು ಅವ್ವ ಕೇಳಿದರೆ, "ಇದು ಗಂಟಲ್ಲ ಬಿಡವಾ. ಗಂಟಿನಂಗ ಕಾಣ್ತದ ಅಷ್ಟ" ಎಂದಿದ್ದರು.

ಅದರ ಹಿಂದಿನ ಮಾತು ತಿಳಿದದ್ದು ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಗ. ಯಾರು ಏನು ಹೇಳಿದರೂ ಆಧಾರ ಕೇಳುವ ವಯಸ್ಸು. ಆ ವಯಸ್ಸು ಇನ್ನೂ ಪೂರ್ತಿ ಕಳೆದಿಲ್ಲ. ಆಗಸ್ಟ್ ಹದಿನಾಲ್ಕರ ಸಂಜೆ ಕಾಕುವಿನ ಮನೆಯ ನೆಲದ ಮೇಲೆ ಪೇಪರು ಹಾಸಿ ಇಬ್ಬರೂ ಚೆಂಡುಹೂವಿನ ಎಸಳು ಬಿಡಿಸುತ್ತಿದ್ದೆವು. ಈ ಬಗೆಯ ಗಂಟು ಎಲ್ಲಿ ಕಲಿತಿರಿ ಎಂದು ಕೇಳಿದೆ.

"ಕಲೀಲಿಲ್ಲಪಾ. ಹುಡುಕಿದೆ," ಎಂದರು. ಇನ್ನೊಂದು ಹೂವು ಕೈಗೆತ್ತಿಕೊಂಡು, "ನಮ್ಮೂರಿಗೆ ವಿಮಾನ ಬಂದದ್ದು ಇವತ್ತಿನ ರಾತ್ರಿನ."

"ಅಣುಬಾಂಬಾ?"

"ಎಲ್ಲಾರೂ ಅದನ್ನ ಕೇಳ್ತಾರ. ಅಲ್ಲ. ಇವು ಸಾದಾ ಬಾಂಬು. ಬೆಂಕಿ ಹಚ್ಚೂವು."

ಸಾದಾ ಎಂಬ ಮಾತನ್ನು ಅವರು ಹೋಟೆಲಿನಲ್ಲಿ ಸಾದಾ ದೋಸೆ ಹೇಳುವ ದನಿಯಲ್ಲೇ ಹೇಳಿದರು. ನೂಲಿನ ಗಿರಣಿಯೊಂದು ಬಿಟ್ಟರೆ ಹೆಸರಿಸುವಂಥದ್ದೇನೂ ಇಲ್ಲದ ಊರು. ಕಾಕುವಿಗೆ ಏಳು ವರ್ಷವಿರಬೇಕು, ತಮ್ಮ ಇನ್ನೂ ಸಣ್ಣವನು. ಬಾಂಬಿನ ಭಯಕ್ಕೆ ಮಕ್ಕಳಿಗೆಲ್ಲ ಹತ್ತಿ ತುಂಬಿದ ಟೊಪ್ಪಿಗೆ ಹೊಲಿದು ತೊಡಿಸುತ್ತಿದ್ದರಂತೆ.

"ನಮ್ಮಲ್ಲಿ ಕೂಸಿಗೆ ಕುಂಚಿಗಿ ಇರ್ತದಲ್ಲ, ಹಂಗ. ತಲಿ, ಕಿವಿ, ಹೆಗಲು ಮುಚ್ಚತದ. ಗದ್ದದ ಕೆಳಗ ಕಟ್ಟೂ ದಾರ, ಕಸಿ. ತಮ್ಮ ಕಿತ್ತಿ ಕಿತ್ತಿ ಒಗೀತಿದ್ದ. ಅದಕ್ಕ ಅವ್ವ ಬಿಗದು ಕಟ್ಟಿದ್ಳು, ಅವಗ ಬಿಚ್ಚಾಕ ಬರಬಾರದಂಗ. ನೀರಾಗ ಅದ್ದಿಕೊಂಡ ಹೊರಗ ಓಡಿದ್ವಿ. ಅವ್ವ ಹಿಂದ ಉಳದ್ಳು, ಅವನ ಕೈ ನಾ ಹಿಡದಿದ್ದೆ. ಆ ಕಾವಿಗೆ ನೀರು ಎಷ್ಟೊತ್ತಿರ್ತದ? ಕಿಡಿ ಬಿತ್ತು. ಹತ್ತಿ ಒಳಗಿಂದೊಳಗ ಸುಡತದ. ಕಸಿ ನೆಂದು ಬಿಗದಿತ್ತು. ನನ್ನ ಬೆರಳು ಸಣ್ಣವು."

ಎಸಳುಗಳನ್ನು ಒಂದು ಬದಿಗೆ ಸರಿಸಿದರು.

"ಬಿಚ್ಚಲಿಲ್ಲ."

ಸುಮ್ಮನಿರಬೇಕಾಗಿತ್ತು. ಆದರೆ ನನ್ನ ಬಾಯಿಂದ ಬಂದದ್ದು, "ಆದ್ರ ಕಾಕು, ಯುದ್ಧ ಹದಿನೈದಕ್ಕ ಮುಗೀತಲ್ಲ?"

"ಹೌದು. ಹದಿನೈದಕ್ಕ. ಮಧ್ಯಾಹ್ನ ರೇಡಿಯೋದಾಗ ಹೇಳಿದ್ರು," ಎಂದರು. "ವಿಮಾನ ರಾತ್ರಿ ಬಂದಿದ್ವು."

ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ನಿಜ. ೧೯೪೫ರ ಆಗಸ್ಟ್ ಹದಿನಾಲ್ಕಕ್ಕೆ ಜಪಾನ್ ಸೋಲೊಪ್ಪುವ ತೀರ್ಮಾನ ಆಗಿಹೋಗಿದ್ದರೂ ವಿಮಾನಗಳು ಹೊರಟಿದ್ದವು. ಆ ಕೊನೆಯ ರಾತ್ರಿಯೂ ಊರುಗಳು ಉರಿದಿದ್ದವು. ಅವುಗಳಲ್ಲಿ ಕಾಕುವಿನದು ಯಾವುದೆಂದು ನಾನು ಕೇಳಲೇ ಇಲ್ಲ. ಈಗ ನನ್ನ ಕಷ್ಟ ಬೇರೆ. ಆಮೇಲೆ ಎಷ್ಟೋ ಓದಿದ್ದೇನೆ. ಹತ್ತಿ ಒಳಗಿಂದೊಳಗೆ ಸುಡುತ್ತದೆ ಎಂದು ಕಾಕುವೇ ಹೇಳಿದರೋ, ಪುಸ್ತಕದಲ್ಲಿ ಓದಿದ್ದನ್ನು ನಾನು ಅವರ ಬಾಯಿಗೆ ಹಾಕಿದೆನೋ, ಹೇಳಲಾರೆ. ಬೆರಳಿನ ಮಾತು ಮಾತ್ರ ಅವರದೇ. ಹೇಳುವಾಗ ಕೈಯನ್ನು ಹೀಗೆ ಮುಂದೆ ಹಿಡಿದು ನೋಡಿಕೊಂಡಿದ್ದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಬೆರಗಾಗಲಿಲ್ಲ. ಕಾಕುವಿನ ಅತ್ತೆಯಿಂದ ಅವಳಿಗೆ ಮೊದಲೇ ಗೊತ್ತಿತ್ತು. ಕಾಕುವಿನ ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಅತ್ತೆ ತಾವೇ ಖಣದ ಬಟ್ಟೆಯಲ್ಲಿ ಹೊಲಿದ ಕುಂಚಿಗೆ ತೊಡಿಸಿ, ಗದ್ದದ ಕೆಳಗೆ ಕಸಿ ಕಟ್ಟಿದರಂತೆ. ಹಾಡು ನಡೆಯುತ್ತಿದ್ದಾಗಲೇ ಕಾಕು ಓಡಿಬಂದು ಕತ್ತರಿಯಿಂದ ಅದನ್ನು ಕಚಕ್ಕನೆ ಕತ್ತರಿಸಿಬಿಟ್ಟರಂತೆ. ಶುಭಕಾರ್ಯದಲ್ಲಿ, ಎಲ್ಲರೆದುರು, ಕೂಸಿನ ಮೈಮೇಲಿನ ಬಟ್ಟೆಗೆ ಕತ್ತರಿ. ಊರ ಕನ್ನಡದವರೆಲ್ಲ ಆಡಿಕೊಂಡರು. ಅತ್ತೆ ಆ ಮಳೆಗಾಲವಿಡೀ ಸೊಸೆಯ ಜೊತೆ ಮಾತು ಬಿಟ್ಟರು. ಆಮೇಲೆ ಒಂದು ದಿನ, ಆಗಷ್ಟೇ ಕಲಿಯುತ್ತಿದ್ದ ಕನ್ನಡದಲ್ಲಿ, ತಮ್ಮನ ಕಥೆಯನ್ನು ಕಾಕು ಹೇಳಿದರಂತೆ. ಮರುದಿನ ಅತ್ತೆ ತಮ್ಮ ಎಲೆಅಡಿಕೆ ಸಂಚಿಯ ದಾರವನ್ನು ಕಿತ್ತು, ಬಾಯಿಗೆ ಗುಂಡಿ ಹಚ್ಚಿಕೊಂಡರು. ಸೆರಗಿನ ತುದಿಗೆ ಚಿಲ್ಲರೆ ಕಟ್ಟಿಕೊಳ್ಳುವುದನ್ನೂ ಬಿಟ್ಟರು. ಸಾಯುವವರೆಗೂ ಆ ಮನೆಯಲ್ಲಿ ಅವರ ಕೈಯಿಂದ ಒಂದು ಗಂಟೂ ಬೀಳಲಿಲ್ಲ.

ಆ ಕತ್ತರಿಯ ದಿನದಿಂದ ಕಾಕು ಯಾರ ಮನೆಯ ತೊಟ್ಟಿಲಿಗೂ ಹೋಗುತ್ತಿರಲಿಲ್ಲ. ನಮ್ಮವರು ಕರೆಯುವುದನ್ನೂ ಬಿಟ್ಟಿದ್ದರು.

ನನಗೆ ಮಗಳು ಹುಟ್ಟಿದಾಗ ಕಾಕಾ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಕಾಕುವಿಗೆ ಎಂಬತ್ತು ದಾಟಿತ್ತು. ಬೆರಳುಗಳು ಬಗ್ಗುತ್ತಿರಲಿಲ್ಲ. ಬಾವುಟ ಕಟ್ಟುವುದನ್ನು ನನಗೆ ಕಲಿಸಿ, ಪಕ್ಕದಲ್ಲಿ ಕುಳಿತು ತಪ್ಪು ಹುಡುಕುತ್ತಿದ್ದರು. ಕೂಸನ್ನು ಆಸ್ಪತ್ರೆಯಿಂದ ತಂದ ಕೆಲವೇ ದಿನಕ್ಕೆ ಕಿಣಿಕಿಣಿ ಎಂದು ಮೇಲೆ ಬಂದರು.

"ಕುಂಚಿಗಿ ನಾ ಹೊಲೀತೇನಿ."

ಕಾಕುವನ್ನು ವೈನಿ, ಅತ್ತಿಗೆ, ಎಂದೇ ಕರೆಯುತ್ತಿದ್ದ ಅವ್ವನಿಗೆ ಗಾಬರಿ. "ನಿಮಗ್ಯಾಕ್ರಿ ವೈನಿ ತ್ರಾಸು? ಇವನ ಹಳೇದು ಅದ."

"ಅದನ್ನ ಇಲಿ ತಿಂದದ. ನೀನ ಹೇಳಿದ್ದಿ."

"ಹಂಗಾರ ಗುಂಡಿ ಹಚ್ಚ್ರಿ, ನಿಮ್ಮ ಅತ್ತಿ ಸಂಚಿಗೆ ಹಚ್ಚಿಕೊಂಡಂಗ."

"ಬ್ಯಾಡ. ಕುಂಚಿಗೀಗೆ ಕಸಿನ ಬೇಕು. ಅವರು ಹೊಲದದ್ದು ನಾ ಕತ್ತರಿಸಿದೆ. ಒಂದ ಕೂಸಿಗರೆ ಕಟ್ಟಿ ಹೋಗಬೇಕು. ಇಲ್ಲಂದ್ರ ಮ್ಯಾಲ ಹೋಗಿ ಅವರಿಗೆ ಏನ ಹೇಳ್ಲಿ?"

ಅತ್ತೆಯ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಹೊಲಿದರು. ಹತ್ತಿ ಹಾಕಲಿಲ್ಲ, ಎರಡು ಪದರ ಬಟ್ಟೆ ಅಷ್ಟೇ. ಬಟ್ಟೆಯ ಕೆಲಸ ಬೇಗ ಮುಗಿಯಿತು. ಕಸಿಯದೇ ತೊಂದರೆ. ಹೊಲಿದು, ಕುರ್ಚಿಯ ಬೆನ್ನಿಗೆ ತೂಗುಹಾಕಿ, ಚಹಾ ಕುಡಿದು ಬಂದು ನೋಡಿ, ಕಿತ್ತುಹಾಕುತ್ತಿದ್ದರು. ಅವರ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ನಾನು ಹೋಗುವಾಗ ಕಸಿ ಇದ್ದರೆ, ಬರುವಾಗ ಇರುತ್ತಿರಲಿಲ್ಲ. ಅವ್ವ ಗುಟ್ಟಾಗಿ ಲಕ್ಷ್ಮೀ ರಸ್ತೆಯಿಂದ ಇನ್ನೊಂದು ಕುಂಚಿಗೆ ತಂದು ಕಪಾಟಿನಲ್ಲಿಟ್ಟಿದ್ದಳು.

ತೊಟ್ಟಿಲಿನ ದಿನ ಕಾಕು ಬಂದರು. ಕುಂಚಿಗೆಗೆ ಕಸಿ ಇತ್ತು. ಮನೆ ತುಂಬ ಹೆಂಗಸರು. ಹಳಬರಿಗೆಲ್ಲ ಆ ಹಳೆಯ ಕತ್ತರಿಯ ಕಥೆ ಗೊತ್ತು. ಹಾಡು ತಾನಾಗಿ ನಿಂತಿತು. ಕಾಕು ಕೂಸಿನ ತಲೆಗೆ ತೊಡಿಸಿ, ಗದ್ದದ ಕೆಳಗೆ ಕಸಿ ಕಟ್ಟಿ, ತಕ್ಷಣ ತುದಿ ಹಿಡಿದು ಎಳೆದರು. ಬಿಚ್ಚಿತು. ಮತ್ತೆ ಕಟ್ಟಿದರು, ಮತ್ತೆ ಎಳೆದರು. ಬಿಚ್ಚಿತು. ಮತ್ತೆ ಕಟ್ಟಿದರು. ಮತ್ತೆ ಎಳೆದರು.

ಕೊನೆಗೆ ಅವ್ವ, "ವೈನಿ, ಅದು ಕೂಸರಿ, ಝಂಡಾ ಅಲ್ಲ!" ಎಂದುಬಿಟ್ಟಳು.

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಮನೆ ನಕ್ಕಿತು. ಕಾಕುವೂ ನಕ್ಕರು ಎಂದು ನನ್ನ ನೆನಪು. ಅವ್ವ, ಇಲ್ಲ, ಅವರು ಅಳುತ್ತಿದ್ದರು ಅನ್ನುತ್ತಾಳೆ. ಕಣ್ಣೊರೆಸಿಕೊಂಡು ಇನ್ನೊಮ್ಮೆ ಕಟ್ಟಿದರು. ಈ ಸಲ ಎಳೆಯಲಿಲ್ಲ. ಕಸಿಯ ಒಂದು ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೊಟ್ಟಿಲ ಪಕ್ಕ ಕುಳಿತರು. ಹಾಡು ಮುಗಿಯಿತು, ಹೆಸರಿಟ್ಟದ್ದಾಯಿತು. ಕಾಕು ತುದಿ ಬಿಡಲಿಲ್ಲ.

"ಬಿಡ್ರಿ ವೈನಿ, ಮಲಗ್ಯದ ಕೂಸು. ಹೋಳಿಗಿ ಆರ್ತಾವ," ಎಂದಳು ಅವ್ವ.

ಕಾಕು ಬೆರಳು ಸಡಿಲಿಸಿದರು. ಕೂಸು ಕಟ್ಟಿದ ಕುಂಚಿಗೆಯಲ್ಲೇ ನಿದ್ದೆ ಹೋಗಿತ್ತು. ಸ್ವಲ್ಪ ಹೊತ್ತು ನೋಡುತ್ತ ನಿಂತು, ಹೋಳಿಗೆಗೆ ತುಪ್ಪ ಜಾಸ್ತಿ ಹಾಕು ಎಂದು ಹೇಳಿ ಊಟಕ್ಕೆ ಕುಳಿತರು.

ಮುಂದಿನ ಚಳಿಗಾಲದಲ್ಲಿ ಹೋದರು, ನಿದ್ದೆಯಲ್ಲೇ. ಧನಕವಡಿಯಲ್ಲಿ ಮನೆ ಮಾಡಿದ್ದ ಮಗ ಬಂದ. ಕೆಳಗೆ ಅಂಗಳದಲ್ಲಿ ಬಿದಿರಿನ ಚಟ್ಟ ಸಿದ್ಧವಾಯಿತು. ಅಷ್ಟು ಹಗುರವಾದ ದೇಹವನ್ನು ನಾನು ಎತ್ತಿದ್ದೇ ಇಲ್ಲ. ಸಾಮಾನು ತಂದಿದ್ದವನು ಸೆಣಬಿನ ಹಗ್ಗ ಸುತ್ತಿ ಬಿಗಿಯತೊಡಗಿದ. ನಮಗಾರಿಗೂ ಏನೂ ಹೊಳೆಯಲಿಲ್ಲ. ಗೇಟಿನ ಬಳಿ ಗಾಡಿ ನಿಲ್ಲಿಸಿ, ಕೈಯಲ್ಲಿ ತುಳಸಿ ಹಿಡಿದು ನಿಂತಿದ್ದ ತರಕಾರಿಯವನು ಇದ್ದಕ್ಕಿದ್ದಂತೆ ಮುಂದೆ ಬಂದು ಅವನ ಕೈ ಹಿಡಿದ.

"ಗಾಠ ನಕೋ, ದಾದಾ."

ಗಂಟಿಲ್ಲದಿದ್ದರೆ ದಾರಿಯಲ್ಲಿ ಜಾರುತ್ತದೆ ಎಂದು ಹಗ್ಗದವನು ಗೊಣಗಿದ. ಮಗ ನನ್ನ ಮುಖ ನೋಡಿದ. ನಾನು ಮಂಡಿಯೂರಿ ಹಗ್ಗ ತೆಗೆದುಕೊಂಡೆ. ಪಕ್ಕದಲ್ಲಿ ತಪ್ಪು ಹುಡುಕುವವರು ಇರಲಿಲ್ಲ. ಕಾಲಿನ ಬಳಿ ಒಂದು, ಎದೆಯ ಬಳಿ ಒಂದು, ಬಾವುಟಕ್ಕೆ ಹಾಕುವಂತೆಯೇ ಹಾಕಿದೆ. ಶವವಾಹನದಲ್ಲಿ ಸ್ಮಶಾನದವರೆಗೂ ಒಂದು ತುದಿ ಮಗನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

ಅಲ್ಲಿ ಇಳಿಸಿದ ಮೇಲೆ ಮಗ ತನ್ನದನ್ನು ಎಳೆದ. ನಾನು ನನ್ನದನ್ನು ಎಳೆದೆ. ಒಂದೇ ಎಳೆತಕ್ಕೆ ಬಿಚ್ಚಿತು. ಇದೊಂದನ್ನು ನಾನು ಅವ್ವನನ್ನು ಕೇಳಿ ಖಚಿತಪಡಿಸಿಕೊಳ್ಳಬೇಕಾಗಿಲ್ಲ. ತುದಿ ನನ್ನ ಬೆರಳಲ್ಲೇ ಇತ್ತು.